ನಾಲ್ಕು ವಾಷರ್

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಸಂಜೆ

ಪ್ರೀತಿಯ ಇವರಿಗೆ,

ರೀ, ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೇ? ಹಡಗಿನ ಎಂಜಿನ್ ಕೋಣೆಯಲ್ಲಿ ಬಗ್ಗುವಾಗ ಸೊಂಟಕ್ಕೆ ಪಟ್ಟಿ ಕಟ್ಟಿಕೊಳ್ಳಿ ಎಂದು ನಾನು ಹೇಳಿದ್ದನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟಿರುತ್ತೀರಿ, ಗೊತ್ತು. ಇಲ್ಲಿ ನಾವಿಬ್ಬರೂ ಚೆನ್ನಾಗಿದ್ದೇವೆ. ನನಗೆ ಈ ತಿಂಗಳೂ ವಾರ್ಡಿನಲ್ಲಿ ರಾತ್ರಿ ಪಾಳಿಯೇ. ವಾರಕ್ಕೊಮ್ಮೆ ಬರುವ ನಿಮ್ಮ ಫೋನು ನಾಲ್ಕು ನಿಮಿಷದ್ದು, ಅದರಲ್ಲಿ ಮೂರು ನಿಮಿಷ ನಿಮ್ಮ ಮಗಳ ಪಾಲು. ಅದಕ್ಕೇ ಕಾಗದ ಬರೆಯಲು ಕೂತೆ. ವಿಷಯವೂ ಆ ಚೂಟಿಯದೇ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ನಗುವುದಾದರೆ ನಗಿ, ಆದರೆ ಪೂರ್ತಿ ಓದಿ ಆಮೇಲೆ ನಗಿ.

ನೀವು ಹೊರಡುವ ಮುಂಚೆ ಅಪ್ಪ ಮಗಳು ಸೇರಿ ಊಟದ ಮೇಜಿನ ಮೇಲೆ ಜೋಡಿಸಿದಿರಲ್ಲ ಆ ಗೇಮಿನ ಕಂಪ್ಯೂಟರ್, ಅದಕ್ಕೆ ನೀವು ಹೋದ ಮಾರನೆಯ ದಿನದಿಂದಲೇ ಜ್ವರ. ಆಟ ಶುರುವಾಗಿ ಸ್ವಲ್ಪ ಹೊತ್ತಿಗೇ ಒಳಗಿನ ಪ್ರೊಸೆಸರ್ ನೂರು ಡಿಗ್ರಿ ಮುಟ್ಟುತ್ತಿತ್ತು, ಹತ್ತು ನಿಮಿಷಕ್ಕೆ ಪರದೆ ಕಪ್ಪಾಗುತ್ತಿತ್ತು. ಅವಳ ಶಾಲೆಯ ಐವರು ಹುಡುಗಿಯರ ತಂಡಕ್ಕೆ ಈ ಶನಿವಾರ ಪಂದ್ಯ ಇತ್ತು. "ಇನ್ನೊಂದ್ ಸಲ ಮಧ್ಯದಲ್ಲಿ ಆರಿಹೋದ್ರೆ ಬೇರೆಯವ್ರನ್ನ ಸೇರಿಸ್ಕೋತೀವಿ ಕಣೇ" ಎಂದು ಕ್ಯಾಪ್ಟನ್ ಹುಡುಗಿ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದಳು. ನೀವೋ, ಫೋನಿನಲ್ಲಿ "ಮುಟ್ಬೇಡ ಮಗಾ, ನಾನು ಬಂದು ನೋಡ್ತೀನಿ" ಎಂದಿರಿ. ನೀವು ಬರುವುದು ಇನ್ನು ಏಳು ತಿಂಗಳಿಗೆ! ಅವಳು "ಸರಿ ಅಪ್ಪಾ" ಎಂದು ಫೋನಿಟ್ಟು ಬಚ್ಚಲಿಗೆ ಹೋಗಿ ನಲ್ಲಿ ತಿರುಗಿಸಿದಳು. ಸ್ನಾನ ಮಾಡದೆ ನಲ್ಲಿ ಯಾಕೆ ತಿರುಗಿಸುತ್ತಾಳೆಂದು ತಾಯಿಗೆ ತಿಳಿಯುವುದಿಲ್ಲವೇ? ನನಗೆ ನಿಮ್ಮ ಮೇಲೆ ಸಿಟ್ಟು ಬಂತು ರೀ, ಸುಳ್ಳು ಹೇಳುವುದಿಲ್ಲ.

ಆದರೂ ಕೈಕಟ್ಟಿ ಕೂರುವ ಜಾತಿಯಲ್ಲ ಅವಳು. ಧೂಳು ಒರೆಸಿದಳು. ಪೆಟ್ಟಿಗೆಯನ್ನು ಗೋಡೆಯಿಂದ ಮೊಳ ದೂರ ಸರಿಸಿದಳು. ತಾನು ಜೋಡಿಸಿದ ಒಂದೊಂದು ತಂತಿಯನ್ನೂ ಬಿಚ್ಚಿ ಮತ್ತೆ ಸಿಕ್ಕಿಸಿದಳು. ನನ್ನ ಟೇಬಲ್ ಫ್ಯಾನನ್ನೂ ಹೊತ್ತುಕೊಂಡು ಹೋಗಿ ಅದರ ಮುಂದಿಟ್ಟಳು, ನಾನು ಹಗಲೆಲ್ಲ ಬೆವರಿನಲ್ಲಿ ಮಿಂದೆ. ರಿಪೇರಿ ಅಂಗಡಿಯವನು ಮುಚ್ಚಳ ಕೂಡ ತೆಗೆಯದೆ "ಪ್ರೊಸೆಸರೇ ಹೋಗಿದೆ, ಹೊಸದು ಹಾಕ್ಸಿ" ಎಂದು ಕಳಿಸಿದ. ನನಗೆ ಕಂಪ್ಯೂಟರ್ ಎಂದರೆ ಅಷ್ಟಕ್ಕಷ್ಟೇ, ಆದರೆ ಜ್ವರ ಗೊತ್ತು. ಇಪ್ಪತ್ತು ವರ್ಷದಿಂದ ಅದನ್ನೇ ನೋಡುತ್ತಿದ್ದೇನೆ. ವಾರ್ಡಿನಲ್ಲಿ ಮಂಚಕ್ಕೆ ತೂಗುಹಾಕುವ ಚಾರ್ಟಿನ ಖಾಲಿ ಹಾಳೆಯೊಂದನ್ನು ತಂದುಕೊಟ್ಟು, ನಿಮಿಷಕ್ಕೊಂದು ಸಲ ಅದರ ಶಾಖ ಬರಿ ಎಂದೆ. ಬರೆದಳು. ಮನುಷ್ಯರ ಜ್ವರ ಮೆಟ್ಟಿಲು ಹತ್ತಿದ ಹಾಗೆ ಏರುತ್ತದೆ. ಇದು ಒಲೆಯ ಮೇಲೆ ಮರೆತ ಹಾಲಿನ ಹಾಗೆ ಎರಡೇ ನಿಮಿಷಕ್ಕೆ ಉಕ್ಕಿತ್ತು. ಎಲ್ಲ ಪರೀಕ್ಷೆಯೂ ಆಗಿದೆ ಎನ್ನುವವರನ್ನು ನಾವು ವಾರ್ಡಿನಲ್ಲಿ ಕೇಳುವುದು ಒಂದೇ ಮಾತು, ಅದನ್ನೇ ಅವಳನ್ನೂ ಕೇಳಿದೆ: "ಏನನ್ನ ನೋಡಿಲ್ಲ, ಅದನ್ನ ಹೇಳು." ತಲೆ ತಗ್ಗಿಸಿದಳು. "ಅಪ್ಪ ಕೂರ್ಸಿದ್ದು ಮಾತ್ರ ನೋಡಿಲ್ಲಮ್ಮಾ" ಎಂದಳು.

ಪ್ರೊಸೆಸರಿನ ತಲೆಯ ಮೇಲೆ ಕೂತು ಅದರ ಶಾಖ ಎಳೆದುಕೊಳ್ಳುವ, ಬೆನ್ನ ಮೇಲೆ ಪುಟ್ಟ ಫ್ಯಾನು ಹೊತ್ತ ಲೋಹದ ಗಟ್ಟಿ, ಕೂಲರ್ ಅಂತೆ ಅದರ ಹೆಸರು. ಆ ಇಡೀ ಪೆಟ್ಟಿಗೆಯಲ್ಲಿ ನೀವೊಬ್ಬರೇ ಹಾಕಿದ್ದು ಅದೊಂದನ್ನೇ. ನೀವು ಹೊರಟ ದಿನ, ಅವಳು ಶಾಲೆಗೆ ಹೋಗಿದ್ದಾಗ. "ಏನಾದ್ರೂ ಕೆಟ್ರೆ ಮೊದಲು ನಿನ್ನ ಕೈಯನ್ನೇ ಅನುಮಾನಿಸು" ಎಂದು ಪಾಠ ಹೇಳಿದವರು ನೀವೇ ತಾನೇ? ಪಾಪ, ಆರು ವಾರ ತನ್ನ ಕೈಯನ್ನೇ ಅನುಮಾನಿಸಿದಳು, ನಿಮ್ಮ ಕೈಯನ್ನಲ್ಲ. ಕಂಕುಳಲ್ಲಿ ಕೂಸು ಇಟ್ಟುಕೊಂಡು ಊರೆಲ್ಲ ಹುಡುಕಿದ ಹಾಗಾಯಿತು.

ಬುಧವಾರ ಮಧ್ಯಾಹ್ನ, ಅವಳಿಗೆ ರಜೆ, ನಾನು ನಿದ್ದೆ ಬಿಟ್ಟು ಪಕ್ಕದಲ್ಲಿ ಕೂತೆ. ಸ್ಕ್ರೂಡ್ರೈವರ್ ಹಿಡಿದು "ಅಪ್ಪ ಬೈತಾರಾ?" ಎಂದಳು. "ಬೈದ್ರೆ ನನ್ನ ಹೆಸರು ಹೇಳು" ಎಂದೆ. ನಾಲ್ಕು ಸ್ಕ್ರೂ ಬಿಚ್ಚಿ ಕೂಲರ್ ಎತ್ತಿದಳು. ನೋಡಿದರೆ ಅದರ ನಾಲ್ಕು ಕಾಲಿನ ಕೆಳಗೂ ಒಂದೊಂದು ರಬ್ಬರ್ ವಾಷರ್! ಹಳೇ ಸೈಕಲ್ ಟ್ಯೂಬಿನಿಂದ ದುಂಡಗೆ ಕತ್ತರಿಸಿದ್ದು, ನಿಮ್ಮದೇ ಕೈ, ಕೇಳಬೇಕೇ. ಲೋಹಕ್ಕೂ ಲೋಹಕ್ಕೂ ನಡುವೆ ವಾಷರ್ ಇಲ್ಲದೆ ನೀವು ಜನ್ಮದಲ್ಲಿ ಏನನ್ನಾದರೂ ಬಿಗಿದಿದ್ದೀರಾ? ಆದರೆ ಇಲ್ಲಿ ಲೋಹ ಲೋಹವನ್ನು ಒತ್ತಿಕೊಂಡು ಕೂತರೇ ಶಾಖ ಮೇಲೇರುವುದಂತೆ. ನಡುವೆ ಕಾಗದ ತೂರುವಷ್ಟು ಸಂದು. ಶಾಖ ದಾಟಿಸಲೆಂದು ಹಚ್ಚಿದ ಪೇಸ್ಟ್ ಹಚ್ಚಿದಲ್ಲೇ ಗುಪ್ಪೆಯಾಗಿ ಕೂತಿತ್ತು. ಚೂಟಿ ಒಂದು ವಾಷರನ್ನು ಬೆರಳಲ್ಲಿ ಒತ್ತಿ ನೋಡಿದಳು. ಆಮೇಲೆ "ಹಡಗಿನ ಪಂಪಿಗೆ ಹಾಕೋ ಹಾಗೆ ಹಾಕಿದ್ದಾರೆ ನೋಡಮ್ಮಾ" ಎಂದು ನಕ್ಕಳು, ಕಣ್ಣಲ್ಲಿ ನೀರು. ವಾಷರ್ ತೆಗೆದು, ನನ್ನ ಸ್ಪಿರಿಟ್ಟು ಹತ್ತಿಯಲ್ಲಿ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟು, ಎದುರುಬದುರು ಮೂಲೆಯ ಸ್ಕ್ರೂಗಳನ್ನು ಸ್ವಲ್ಪ ಸ್ವಲ್ಪವೇ ಬಿಗಿದಳು. ಅದು ಯಾರು ಕಲಿಸಿದ ವಿದ್ಯೆ ಎಂದು ಬೇರೆ ಹೇಳಬೇಕಿಲ್ಲ. ಎಪ್ಪತ್ತಕ್ಕೆ ನಿಂತದ್ದು ಒಂದು ಗಂಟೆ ಆಡಿದರೂ ಏರಲಿಲ್ಲ. "ಜ್ವರ ಇಳೀತಮ್ಮಾ!" ಎಂದು ಕೂಗಿದ ರಭಸಕ್ಕೆ ಮೇಲಿನ ಮನೆಯ ಟೈಲರ್ ನೆಲ ಕುಟ್ಟಿದ.

ನಿನ್ನೆ ಪಂದ್ಯದಲ್ಲಿ ತಂಡ ಸೋತಿತು ಅನ್ನಿ. ಮೂರು ಗಂಟೆಯೂ ಇವಳ ಕಂಪ್ಯೂಟರ್ ಮಿಸುಕಲಿಲ್ಲ. ಮಧ್ಯದಲ್ಲಿ ಆರಿಹೋದದ್ದು ಆ ಕ್ಯಾಪ್ಟನ್ ಹುಡುಗಿಯದೇ! ಇವತ್ತು ಬೆಳಿಗ್ಗೆ ಅವಳು ಪೆಟ್ಟಿಗೆ ಹೊತ್ತುಕೊಂಡು ನಮ್ಮ ಬಾಗಿಲಿಗೆ ಬಂದು "ನೀನೇ ನೋಡ್ಕೊಡೇ" ಎಂದಳು. ನಮ್ಮವಳು ಅಂಗಡಿಯವನ ಹಾಗೆ ಪುಕ್ಕಟೆ ತೀರ್ಪು ಕೊಡಲಿಲ್ಲ, ಮೊದಲು ಚಾರ್ಟು ಕೇಳಿದಳು. ನನ್ನ ಎದೆ ಉಬ್ಬಿ ಹೋಯಿತು ರೀ. ನೀವಿರಬೇಕಿತ್ತು.

ಸೊಂಟ ಜೋಪಾನ. ಹೊತ್ತಿಗೆ ಸರಿಯಾಗಿ ಉಣ್ಣಿ, ನಿಮ್ಮ ಎಂಜಿನ್ನಿಗೂ ಜ್ವರ ಬಾರದಿರಲಿ.

ಇಂತಿ ನಿಮ್ಮವಳೇ,
ಚೂಟಿಯ ಅಮ್ಮ

ಮರೆತಿದ್ದೆ: ಬಾಗಿಲಲ್ಲೇ ನಿಂತು ಬರೆಯುತ್ತಿದ್ದೇನೆ, ಡ್ಯೂಟಿಗೆ ಹೊತ್ತಾಯಿತು. ವಾಷರಿನ ಸುದ್ದಿ ನಿಮಗೆ ಬರೆಯಕೂಡದು ಎಂದು ಅವಳ ಅಪ್ಪಣೆ. "ತಾನಾಗೇ ಸರಿಹೋಯ್ತು ಅಂತ ಬರಿ, ಅಪ್ಪಂಗೆ ಬೇಜಾರಾಗುತ್ತೆ" ಎಂದಳು. ಫೋನಿನಲ್ಲಿ ನಿಮಗೂ ಅದನ್ನೇ ಹೇಳುತ್ತಾಳೆ. ಹೇಳಲು ಬಿಡಬೇಡಿ. "ತಪ್ಪು ನಂದು ಮಗಾ, ನಿನ್ನ ಕೈ ಸರಿಯಿತ್ತು" ಎಂದು ನಿಮ್ಮ ಬಾಯಲ್ಲೇ ಒಂದು ಸಲ ಅನ್ನಿ. ಇನ್ನೊಂದು. ಆ ಕಂಪ್ಯೂಟರ್ ಗುಂಯ್ ಎಂದರೆ ನನ್ನ ಹಗಲು ನಿದ್ದೆ ಗೋವಿಂದ ಎಂದು ನೀವು ಹೊರಡುವ ಹಿಂದಿನ ದಿನ ನಾನೇ ಗೊಣಗಿದ್ದೆ. ಸದ್ದು ಅಡಗಲಿ ಎಂದು ಟ್ಯೂಬು ಕತ್ತರಿಸಿದಿರಿ, ಅಲ್ಲವೇ? ವಾಷರ್ ಕಂಡ ಕೂಡಲೇ ನನಗೆ ಗೊತ್ತಾಯಿತು. ಈಗ ಅದು ಗುಂಯ್ ಅನ್ನುತ್ತದೆ, ನಾನು ಚೆನ್ನಾಗಿ ನಿದ್ದೆ ಮಾಡುತ್ತೇನೆ. ಮೂರು ವಾಷರ್ ಈ ಲಕೋಟೆಯಲ್ಲಿವೆ. ನಾಲ್ಕನೆಯದು ನನ್ನ ಯೂನಿಫಾರಮ್ಮಿನ ಜೇಬಿನಲ್ಲಿದೆ, ಕೇಳಬೇಡಿ, ಕೊಡುವುದಿಲ್ಲ.