ನಿನ್ನ ಖಾತೆಗೇ ವಾಪಸ್ಸು

ಅಪ್ಪಾ,

ಇವತ್ತು ಬ್ಯಾಂಕಿನವರು ತಪ್ಪು ಒಪ್ಪಿಕೊಂಡರು. ನನ್ನ ಓದಿನ ಸಾಲದ ಕಂತನ್ನು ನಾನು ಪ್ರತಿ ತಿಂಗಳೂ ಕಟ್ಟುತ್ತಿದ್ದರೂ, ಜಾಮೀನು ನಿಂತಿದ್ದ ನಿನ್ನ ಪಿಂಚಣಿಯಿಂದಲೂ ಅದನ್ನೇ ಮುರಿದುಕೊಂಡಿದ್ದಾರೆ. ನೀನೋ, ಮಗಳು ಕೈಯೆತ್ತಿಬಿಟ್ಟಳು ಅಂದುಕೊಂಡು ಮುಖ ಊದಿಸಿಕೊಂಡು ಕೂತೆ. ದೊಡ್ಡಪ್ಪನ ಮುಂದೆ, ಚಿಕ್ಕಮ್ಮನ ಮುಂದೆ ನನ್ನ ಮಾನ ಹರಾಜು ಹಾಕಿದೆ. ನನ್ನನ್ನೇ ಒಂದು ಮಾತು ಕೇಳಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತು? ಹಠದಲ್ಲಿ ನಾನೂ ನಿನ್ನ ಮಗಳೇ.

"ದುಡ್ಡು ಅವರ ಖಾತೆಗೇ ಹೋಗ್ಬೇಕು ಮೇಡಂ. ಸೈನ್ ಹಾಕೋಕೆ ಅಪ್ಪನ್ನ ಕರ್ಕೊಂಡು ಬನ್ನಿ," ಅಂದ ಕೌಂಟರಿನವನು.

"ಬರಲ್ಲ ರೀ. ನನ್ನ ಜೊತೆ ಮಾತು ಬಿಟ್ಟಿದ್ದಾರೆ."

"ದೊಡ್ಡವರು ಹಾಗೇನೇ. ನೀವೇ ಮೊದಲು ಮಾತಾಡಿಸಿ," ಅಂತ ಬುದ್ಧಿ ಬೇರೆ ಹೇಳಿದ.

ಆಯ್ತು ಅಂದು ಎದ್ದು ಬಂದೆ. ನೀನು ಸತ್ತು ವರ್ಷವಾಯಿತು ಅಂತ ಆ ಅಧಿಕಪ್ರಸಂಗಿಗೆ ನಾನ್ಯಾಕೆ ಹೇಳಲಿ?