ಬೆಳಗಿನ ಮೂರು ನಿಮಿಷದ ಶಬ್ದ

ಮನೆ ಮುಂದಿನ ಮೆಟ್ಟಿಲ ಮೇಲಿಂದ,
ಭಾನುವಾರ, ನವೆಂಬರ್ ೧೬, ಬೆಳಿಗ್ಗೆ ಎಂಟು ಗಂಟೆ

ಪ್ರೀತಿಯ ಗುಬ್ಬೀ,

ಬರೀ ಕಿವಿಯಿಂದ ಇಂಜಿನ್ನಿನ ಹೊಟ್ಟೆಯೊಳಗೇನಿದೆ ಎಂದು ಹೇಳಬಲ್ಲವರು ಈ ಭೂಮಿಯ ಮೇಲೆ ಇಬ್ಬರೇ ಇದ್ದರು. ಇನ್ನೊಬ್ಬ ಹೋದ ವರ್ಷ ತೀರಿಕೊಂಡ. ಸಾಯುವಾಗ ನನ್ನ ಹೆಸರು ಹೇಳಿ ಕಣ್ಣು ಮುಚ್ಚಿದನಂತೆ. ಮೋಟಾರ್ ಸೈಕಲ್ ಕಂಪನಿಯವರು ಮನೆ ಬಾಗಿಲಿಗೆ ಮೂರು ಸಲ ಕಾರು ಕಳಿಸಿದರು. ನೀವು ಏನೂ ಮಾಡಬೇಡಿ, ಕುರ್ಚಿ ಹಾಕಿ ಕೂರಿಸುತ್ತೇವೆ, ಹೊರಗೆ ಹೋಗುವ ಒಂದೊಂದು ಗಾಡಿಗೂ ಒಂದೊಂದು ಕ್ಷಣ ಕಿವಿ ಕೊಟ್ಟರೆ ಸಾಕು ಎಂದು ಕೇಳಿಕೊಂಡರು. ನಿನ್ನ ಅತ್ತೆಯನ್ನು ಒಬ್ಬಳನ್ನೇ ಬಿಟ್ಟು ಹೇಗೆ ಹೋಗಲಿ ಎಂದು ನಾನೇ ಬೇಡವೆಂದೆ. ಅವಳನ್ನು ಕೇಳಬೇಡ, ಆ ಮೂರು ಸಲವೂ ಅವಳು ಮನೆಯಲ್ಲಿರಲಿಲ್ಲ.

ಇರಲಿ, ನೀನು ಹೇಗಿದ್ದೀ? ಹಡಗಿನ ಇಂಜಿನ್ ರೂಮಿನ ಸೆಕೆಗೆ ಕತ್ತಿನ ಹಿಂದೆ ಬೆವರುಸಾಲೆ ಎದ್ದಿದೆ ಎಂದು ಬರೆದಿದ್ದೆಯಲ್ಲ, ಇಳಿಯಿತೆ? ಊಟ ಹೊಟ್ಟೆ ತುಂಬ ಮಾಡು. ನಿನ್ನ ಅಳತೆಯ ಹೆಣ್ಣುಮಗಳು ಅಷ್ಟು ದೊಡ್ಡ ಸ್ಪ್ಯಾನರ್ ತಿರುಗಿಸಬೇಕಾದರೆ ಎರಡು ಪಾಲು ತಿನ್ನಬೇಕು. ನನ್ನ ಆರೋಗ್ಯ ಕಲ್ಲುಗುಂಡಿನ ಹಾಗಿದೆ. ಸಕ್ಕರೆ ವಿಷಯ ನೀನು ಪ್ರತಿ ಕಾಗದದಲ್ಲೂ ಕೇಳುತ್ತೀ. ಒಂಬತ್ತು ತಿಂಗಳ ಹಿಂದೆ ಡಾಕ್ಟರು ಬಿಡಿ ಎಂದ ದಿನವೇ ಬಿಟ್ಟೆ, ಫೋನಿನಲ್ಲಿ ನಿನಗೆ ಆಣೆ ಇಟ್ಟವನು ನಾನು. ಚಹಾಕ್ಕೂ ಹಾಕಿಕೊಳ್ಳುವುದಿಲ್ಲ. ಆದರೂ ರಕ್ತ ಪರೀಕ್ಷೆಯಲ್ಲಿ ಅಂಕಿ ಮಾತ್ರ ಇಳಿಯುತ್ತಿಲ್ಲ. ಆ ರಕ್ತ ತೆಗೆಯುವವನ ಮೇಲೆ ನನಗೆ ಗುಮಾನಿಯಿದೆ, ಬೇರೆ ಯಾರದೋ ಸೀಸೆಗೆ ನನ್ನ ಚೀಟಿ ಅಂಟಿಸುತ್ತಿದ್ದಾನೆ. ಅವನ ವಿಚಾರ ಇನ್ನೊಂದು ಸಲ ನೋಡಿಕೊಳ್ಳುತ್ತೇನೆ. ಒಂದು ಸಲಕ್ಕೆ ಒಬ್ಬ ಕಳ್ಳ ಸಾಕು.

ಈಗ ಮುಖ್ಯ ಸುದ್ದಿ. ನಿನ್ನಪ್ಪನ ಮೋಟಾರ್ ಸೈಕಲ್ಲು ಇನ್ನೂ ಕೆಮ್ಮುತ್ತಿದೆ, ಹೋದ ಸಲ ಎರಡೇ ಸಾಲು ಬರೆದಿದ್ದೆ, ಈಗ ಪೂರ್ತಿ ಕೇಳು. ಹನ್ನೊಂದು ತಿಂಗಳ ಹಿಂದೆ ಹಡಗು ಹತ್ತುವ ಮುಂಚೆ ಕೀಲಿ ನನ್ನ ಕೈಗಿಟ್ಟು ನೀನು ಹೇಳಿದ್ದು ಎರಡೇ ಮಾತು. ದಿನಾ ಬೆಳಿಗ್ಗೆ ಐದು ನಿಮಿಷ ಸ್ಟಾರ್ಟ್ ಮಾಡಿ ಬಿಸಿ ಮಾಡಬೇಕು. ಏನಾದರೂ ಕೆಟ್ಟರೆ ಗ್ರೀಸಣ್ಣನಿಗೆ ಬಿಟ್ಟು ಬೇರೆ ಯಾರಿಗೂ ತೋರಿಸಬಾರದು. ಮೊದಲನೆಯದನ್ನು ನಾನು ಒಂದು ದಿನವೂ ತಪ್ಪಿಸಿಲ್ಲ. ಜ್ವರ ಬಂದಾಗ ಕಂಬಳಿ ಹೊದ್ದುಕೊಂಡು ಬಂದು ಕಿಕ್ ಹೊಡೆದಿದ್ದೇನೆ. ಎರಡನೆಯದರಿಂದಲೇ ಈ ಕಾಗದ ಉದ್ದವಾಗುತ್ತಿದೆ. ಗ್ರೀಸಣ್ಣ ನಿನ್ನಪ್ಪನ ಹತ್ತಿರ ಕೆಲಸ ಕಲಿತವನು ನಿಜ, ಬೇಕರಿಯ ಹಿಂದೆ ಸ್ವಂತ ರಿಪೇರಿ ಅಂಗಡಿ ಇಟ್ಟಿದ್ದಾನೆ ನಿಜ. ಊರಿಗೆ ಬಂದ ಮೇಲೆ ಅದರಲ್ಲಿ ಅರ್ಧ ಪಾಲು ಹಾಕುತ್ತೇನೆ, ಮಾವ, ನೀವು ಹೂಂ ಅಂದರೆ ಮಾತ್ರ ಎಂದು ನೀನು ಬರೆದದ್ದನ್ನು ನಾನು ನಾಲ್ಕು ಸಲ ಓದಿಕೊಂಡೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವನ ಹೂಂ ಕೇಳುವವಳು ನೀನೊಬ್ಬಳೇ. ಈ ತಿಂಗಳ ಮೂವತ್ತರೊಳಗೆ ಉತ್ತರ ಹೋಗದಿದ್ದರೆ ಆ ಪಾಲು ಬ್ಯಾಟರಿ ಅಂಗಡಿಯವನಿಗೆ ಹೋಗುತ್ತದೆ ಎಂಬುದೂ ಗೊತ್ತು. ಹೋಗಲಿ ಎಂದೇ ನನ್ನ ಸಲಹೆ. ಯಾಕೆ ಎಂದು ಹೇಳುತ್ತೇನೆ, ಕೂತುಕೊಂಡು ಓದು.

ಹೋದ ತಿಂಗಳು ಆರನೇ ತಾರೀಕು. ನೆನಪಿಟ್ಟುಕೊಳ್ಳಲು ಕಾರಣವಿದೆ, ಅವತ್ತು ನಿನ್ನ ಅತ್ತೆ ಚಪ್ಪಲಿ ಗೂಡನ್ನು ಹೊರಗೆ ಎಳೆದು ಮೂಲೆಮೂಲೆ ತೊಳೆದಿದ್ದಳು. ಮಾರನೆಯ ಬೆಳಿಗ್ಗೆ ಎಂದಿನಂತೆ ಚೋಕ್ ಎಳೆದು ಎರಡನೇ ಕಿಕ್ಕಿಗೆ ಸ್ಟಾರ್ಟ್ ಮಾಡಿದೆ. ಇಂಜಿನ್ ತಣ್ಣಗಿದ್ದಾಗ ಮೈ ನಡುಗಿಸುತ್ತದಲ್ಲ, ಆ ನಡುಕದ ನಡುವೆ ಟಕ ಟಕ ಟಕ ಎಂದು ಒಂದು ಶಬ್ದ. ಯಾರೋ ಉಗುರಿನಿಂದ ತಗಡು ತಟ್ಟಿದ ಹಾಗೆ. ಸರಿಯಾಗಿ ಮೂರು ನಿಮಿಷ, ಚೋಕ್ ಒಳಗೆ ತಳ್ಳಿ ಇಂಜಿನ್ ನಿಧಾನಕ್ಕೆ ಬಂದ ತಕ್ಷಣ ಶಬ್ದ ಮಾಯ. ಮಾರನೆಯ ದಿನವೂ ಅಷ್ಟೇ, ಅದರ ಮಾರನೆಯ ದಿನವೂ ಅಷ್ಟೇ. ನಿನ್ನ ಅತ್ತೆ ಅಡುಗೆಮನೆ ಕಿಟಕಿಯಿಂದಲೇ, ಯಾವುದೋ ಡಬ್ಬಿ ಅಲ್ಲಾಡಿದ ಹಾಗೆ ಕೇಳುತ್ತಲ್ಲ ಎಂದಳು. ನನಗೆ ನಗು ಬಂತು. ಅಡುಗೆಮನೆಯವರಿಗೆ ಲೋಕವೆಲ್ಲ ಡಬ್ಬಿಯೇ.

ನೀನು ಹೋದ ಕಾಗದದಲ್ಲಿ ಪರೀಕ್ಷೆ ಪೇಪರಿನ ಹಾಗೆ ಪ್ರಶ್ನೆ ಕಳಿಸಿದ್ದೆ, ಎಲ್ಲದಕ್ಕೂ ಉತ್ತರ ಇಲ್ಲಿದೆ. ಆಯಿಲ್ ಗೆರೆಯವರೆಗೆ ಇದೆ, ಬಣ್ಣವೂ ಚೆನ್ನಾಗಿದೆ. ಕ್ಲಚ್ ಹಿಡಿದರೂ ಶಬ್ದ ಬದಲಾಗುವುದಿಲ್ಲ, ಬಿಟ್ಟರೂ ಬದಲಾಗುವುದಿಲ್ಲ, ಹಾಗಾಗಿ ಕ್ಲಚ್ ಅಲ್ಲ. ಸೈಲೆನ್ಸರ್ ಇಂಜಿನ್ನಿಗೆ ಸೇರುವ ಕಡೆ ಹೊಗೆ ಸೋರುತ್ತಿಲ್ಲ, ಅಂಗೈ ಹಿಡಿದು ನೋಡಿ ಸುಟ್ಟುಕೊಂಡೆ. ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಆನಿಸಿ ಹಿಡಿಯನ್ನು ಕಿವಿಗಿಟ್ಟು ಕೇಳಿದೆ. ಮೇಲೆ ಇಟ್ಟರೂ ಸಣ್ಣಗೆ ಕೇಳುತ್ತದೆ, ಕೆಳಗೆ ಇಟ್ಟರೂ ಸಣ್ಣಗೆ ಕೇಳುತ್ತದೆ, ಎಲ್ಲೂ ಜೋರಾಗಿ ಕೇಳುವುದಿಲ್ಲ. ಮೈಯೆಲ್ಲ ಹರಡಿಕೊಂಡ ರೋಗ ಎಂದೇ ಅರ್ಥ. ಇಂಜಿನ್ ಬಿಟ್ಟು ಹೊರಗೆ ಏನಾದರೂ ಸಡಿಲವಾಗಿದೆಯಾ, ಒಂದೊಂದನ್ನೂ ಕೈಯಲ್ಲಿ ಒತ್ತಿ ಹಿಡಿದು ನೋಡು ಎಂದಿದ್ದೆ. ನಂಬರ್ ಪ್ಲೇಟು, ಸ್ಟ್ಯಾಂಡಿನ ಸ್ಪ್ರಿಂಗು, ಮಡ್‌ಗಾರ್ಡು ಎಲ್ಲ ಹಿಡಿದು ನೋಡಿದೆ. ಗಾಡಿಯ ಪಕ್ಕಕ್ಕಿರುವ ಸಾಮಾನಿನ ಡಬ್ಬಿಯನ್ನು ನೋಡಲಿಲ್ಲ, ಅದರ ಕೀಲಿ ಸದಾ ನನ್ನ ಸೊಂಟದಲ್ಲೇ ಇರುವುದರಿಂದ ಅಲ್ಲಿ ಯಾರೂ ಏನೂ ಮಾಡಿರಲು ಸಾಧ್ಯವಿಲ್ಲ.

ಇನ್ನು ಗ್ರೀಸಣ್ಣನ ಆಟ ಕೇಳು. ಮೊದಲ ಸಲ ಗಾಡಿ ತೆಗೆದುಕೊಂಡು ಹೋದಾಗ, ಬಿಸಿಯಾಗಿರುವ ಇಂಜಿನ್ನಿನಲ್ಲಿ ಶಬ್ದ ಬರಲ್ಲ ಯಜಮಾನ್ರೇ, ರಾತ್ರಿ ಇಲ್ಲೇ ಬಿಟ್ಟುಹೋಗಿ, ಬೆಳಿಗ್ಗೆ ತಣ್ಣಗಿರುವಾಗ ಒಟ್ಟಿಗೆ ಕೇಳೋಣ ಎಂದ. ಮಾತು ನ್ಯಾಯವಾಗಿತ್ತು, ಬಿಟ್ಟೆ. ಬಿಡುವ ಮುಂಚೆ ನನ್ನ ಸ್ವಂತ ಸಾಮಾನನ್ನೆಲ್ಲ ಗಾಡಿಯಿಂದ ತೆಗೆದು ಜೇಬಿಗೆ ಹಾಕಿಕೊಂಡೆ, ಅಂಥ ಅಂಗಡಿಗಳಲ್ಲಿ ಒಂದು ಮೊಳೆಯನ್ನೂ ಬಿಟ್ಟು ಬರಬಾರದು. ಬೆಳಿಗ್ಗೆ ಹೋದೆ, ನನ್ನ ಕಣ್ಣೆದುರಿಗೇ ಚೋಕ್ ಎಳೆದು ಸ್ಟಾರ್ಟ್ ಮಾಡಿದ. ಇಂಜಿನ್ ಹಾಲು ಕುಡಿದ ಮಗುವಿನ ಹಾಗೆ ಸುಮ್ಮನಿತ್ತು. ನಾನು ಅವನ ಮುಖ ನೋಡಿದೆ, ಅವನು ನನ್ನ ಮುಖ ನೋಡಿದ. ಇರಲಿ ಎಂದು ಇಂಜಿನ್ನಿನ ತಲೆಯಲ್ಲಿರುವ ಟ್ಯಾಪೆಟ್ ಒಂದು ಕೂದಲೆಳೆಯಷ್ಟು ಬಿಗಿ ಮಾಡಿ ಕಳಿಸಿದ. ಮನೆಗೆ ಬಂದು ನನ್ನ ಸಾಮಾನು ನನ್ನ ಜಾಗದಲ್ಲಿಟ್ಟು ಮಲಗಿ ಎದ್ದರೆ, ಬೆಳಿಗ್ಗೆ ಮತ್ತೆ ಟಕ ಟಕ ಟಕ. ಎರಡನೇ ಸಲ ಬಿಟ್ಟೆ, ಅಲ್ಲಿ ಶಬ್ದವಿಲ್ಲ, ಮನೆಯಲ್ಲಿ ಇದೆ. ಮೂರನೇ ಸಲವೂ ಹಾಗೇ. ಅವನ ಅಂಗಡಿಯಲ್ಲಿ ಮಾತ್ರ ವಾಸಿಯಾಗಿ ನಮ್ಮ ಅಂಗಳದಲ್ಲಿ ಮಾತ್ರ ಏಳುವ ರೋಗ ಯಾವುದು, ನೀನೇ ಹೇಳು. ಏನನ್ನೋ ತೆಗೆಯುತ್ತಾನೆ, ಏನನ್ನೋ ಹಾಕುತ್ತಾನೆ.

ನಾನೂ ಸುಮ್ಮನೆ ಕೂರಲಿಲ್ಲ. ಮೂರನೇ ಸಲ ಬಿಡುವ ಮುಂಚೆ ನಿನ್ನ ಅತ್ತೆಯ ಕೆಂಪು ನೈಲ್ ಪಾಲಿಶ್ ತಂದು ಇಂಜಿನ್ನಿನ ಎಲ್ಲ ಬೋಲ್ಟುಗಳಿಗೂ ಒಂದೊಂದು ಬೊಟ್ಟು ಇಟ್ಟೆ. ಬೋಲ್ಟು ತಿರುಗಿಸಿದರೆ ಬೊಟ್ಟು ಒಡೆಯಬೇಕು. ವಾಪಸು ತಂದು ಭೂತಗನ್ನಡಿ ಹಿಡಿದು ನೋಡಿದೆ, ಒಂದು ಬೊಟ್ಟೂ ಒಡೆದಿರಲಿಲ್ಲ. ಅಂದರೆ ಅವನ ಹತ್ತಿರವೂ ಅದೇ ಬಣ್ಣದ ನೈಲ್ ಪಾಲಿಶ್ ಇದೆ. ಮದುವೆಯಾಗದ ಗಂಡಸಿಗೆ ಅದು ಯಾಕೆ ಬೇಕು ಎಂದು ಯೋಚಿಸಿ ನೋಡು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿದೆ. ಮೂರು ಸಲಕ್ಕೂ ಅವನು ದುಡ್ಡು ತೆಗೆದುಕೊಳ್ಳಲಿಲ್ಲ. ಸಿಗದ ರೋಗಕ್ಕೆ ಏನು ದುಡ್ಡು ಯಜಮಾನ್ರೇ ಎಂದು ಕೈ ಒರೆಸಿಕೊಂಡ. ದುಡ್ಡು ಬೇಡವೆನ್ನುವ ಮೆಕ್ಯಾನಿಕ್ಕನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ. ಅವನ ಕಣ್ಣು ಗಾಡಿಯ ಮೇಲೇ ಇದೆ. ಇಂಜಿನ್ ಹೋಯಿತು ಎಂದು ನಮ್ಮನ್ನು ನಂಬಿಸಿ, ಗುಜರಿ ಬೆಲೆಗೆ ನಿನ್ನಪ್ಪನ ಗಾಡಿ ಹೊಡೆದುಕೊಳ್ಳುವ ಲೆಕ್ಕ. ಅಂಥವನ ಜೊತೆ ನೀನು ಪಾಲುಗಾರಿಕೆಗೆ ಇಳಿದರೆ ಹಡಗಿನಲ್ಲಿ ಬೆವರು ಹರಿಸಿದ್ದೆಲ್ಲ ಚರಂಡಿಗೆ.

ಮೊನ್ನೆ ಶುಕ್ರವಾರ ಅವನ ಅಂಗಡಿಯಲ್ಲಿ ನಾಲ್ಕು ಜನ ಗಿರಾಕಿಗಳ ಎದುರಿಗೆ ಇದನ್ನೆಲ್ಲ ಹೇಳಿಬಿಟ್ಟೆ. ಅವನು ಜಗಳಕ್ಕೆ ಬರಲಿಲ್ಲ. ಸ್ಪ್ಯಾನರ್ ಕೆಳಗಿಟ್ಟು, ನಿಮ್ಮ ಸೊಸೆ ಮುಂದೆ ನನ್ನ ಹೆಸರು ಕೆಡಿಸಬೇಡಿ, ಅವರ ತಂದೆಯಿಂದ ಅನ್ನದ ದಾರಿ ಕಲಿತವನು ನಾನು ಎಂದ. ಅವನ ಧ್ವನಿ ಸ್ವಲ್ಪ ಒಡೆದಿತ್ತು. ಕಳ್ಳರಿಗೆ ಅದೂ ಬರುತ್ತದೆ. ಕೊನೆಗೆ ಪಂದ್ಯ ಕಟ್ಟಿದೆವು. ನಾಳೆ ಸೋಮವಾರ ಬೆಳಿಗ್ಗೆ ಆರು ಗಂಟೆಗೆ ಅವನು ನಮ್ಮ ಅಂಗಳಕ್ಕೇ ಬರಬೇಕು. ಶಬ್ದ ಇಂಜಿನ್ನಿನೊಳಗಿಂದ ಬಂದರೆ ಅವನು ನಿನ್ನ ಪಾಲಿನ ಮಾತು ಎತ್ತಕೂಡದು. ಇಂಜಿನ್ನಿನದಲ್ಲದಿದ್ದರೆ ನಾನು ಹೇಳಿದಷ್ಟು ಹಣ ಅವನ ಕೈಗಿಡಬೇಕು. ಎಷ್ಟು ಎಂದು ತಲೆ ಕೆಡಿಸಿಕೊಳ್ಳಬೇಡ, ನಾಲ್ಕು ಜನಕ್ಕೆ ಚಹಾ ಕುಡಿಸುವಷ್ಟು. ಹೇಗೂ ಗೆಲ್ಲುವವನು ನಾನು. ಎದುರುಮನೆಯ ದರ್ಜಿಯೇ ಸಾಕ್ಷಿ.

ಒಂದು ಮಾತು, ನಿನಗೆ ಮಾತ್ರ. ಎರಡು ತಿಂಗಳಲ್ಲಿ ನೀನು ಬಂದು ಗಾಡಿ ತೆಗೆದುಕೊಂಡು ಹೋದ ಮೇಲೆ ಬೆಳಿಗ್ಗೆ ಎದ್ದು ನಾನು ಏನು ಮಾಡಬೇಕೋ ಗೊತ್ತಿಲ್ಲ. ಅದಕ್ಕೇ ನನ್ನದೂ ಒಂದು ಹಳೆ ಗಾಡಿ ಇರಲಿ ಎಂದು ಹಾಸಿಗೆಯ ಕೆಳಗೆ ಸ್ವಲ್ಪ ಸ್ವಲ್ಪ ಕೂಡಿಡುತ್ತಿದ್ದೇನೆ. ಅತ್ತೆಗೆ ಗೊತ್ತಿಲ್ಲ.

ಹುಷಾರಾಗಿರು. ಬಿಸಿ ಪೈಪಿಗೆ ತಲೆ ತಾಗಿಸಿಕೊಳ್ಳಬೇಡ. ನಿನ್ನ ಕೈಗೆ ಯಾವತ್ತೂ ಸರಿಯಾದ ಸ್ಪ್ಯಾನರೇ ಸಿಗಲಿ ಎಂದು ಹರಸುತ್ತೇನೆ. ಅತ್ತೆ ನಿನ್ನನ್ನು ನೆನೆಸಿಕೊಳ್ಳದ ದಿನವಿಲ್ಲ, ಅದನ್ನು ಬರೆಯಲೇಬೇಕು ಎಂದಿದ್ದಾಳೆ, ಬರೆದಿದ್ದೇನೆ.

ಇಂತಿ, ಯಾರ ಕೈಲೂ ಮೋಸ ಹೋಗದ,
ನಿನ್ನ ಸೋದರಮಾವ

ತಾ.ಕ. ಸೋಮವಾರ, ಒಂಬತ್ತೂವರೆ. ಹತ್ತಕ್ಕೆ ಅಂಚೆಯವನು ಬರುತ್ತಾನೆ, ಅದಕ್ಕೇ ಅವಸರ. ಮೇಲೆ ಬರೆದದ್ದನ್ನು ಹರಿದು ಬೇರೆ ಬರೆಯಲು ಹೊತ್ತಿಲ್ಲ. ಗ್ರೀಸಣ್ಣ ಆರಕ್ಕೆ ಬಂದ. ದರ್ಜಿ ಬಂದ, ಅತ್ತೆಯೂ ಸೌಟು ಹಿಡಿದುಕೊಂಡು ಹೊರಗೆ ಬಂದಳು. ನಾನೇ ಕಿಕ್ ಹೊಡೆದೆ. ಶಬ್ದ ಬಂತು, ಯಾವತ್ತಿಗಿಂತ ಜೋರಾಗಿ. ನಾನು ಎದೆ ಸೆಟೆಸಿ ನಿಂತೆ. ಅವನು ಇಂಜಿನ್ನಿಗೆ ಕಿವಿಯನ್ನೇ ಕೊಡಲಿಲ್ಲ. ಗಾಡಿಯನ್ನು ಒಂದು ಸುತ್ತು ಬಂದು, ಕೂತು, ಪಕ್ಕದ ಡಬ್ಬಿಯ ಮುಚ್ಚಳದ ಮೇಲೆ ಅಂಗೈ ಒತ್ತಿ ಹಿಡಿದ. ಶಬ್ದ ನಿಂತಿತು. ಕೈ ತೆಗೆದ, ಬಂತು. ಮತ್ತೆ ಒತ್ತಿದ, ನಿಂತಿತು. ಕೀಲಿ ಕೊಡಿ ಎಂದ. ಕಳೆದುಹೋಗಿದೆ ಎಂದೆ. ಸೊಂಟದಲ್ಲಿದೆ ಎಂದು ಅತ್ತೆ ಹೇಳಿದಳು. ಒಳಗೆ ನನ್ನ ಪೆಪ್ಪರಮೆಂಟಿನ ತಗಡಿನ ಡಬ್ಬಿ ಇತ್ತು ಗುಬ್ಬೀ, ಚಪ್ಪಲಿ ಗೂಡಿನಲ್ಲಿ ಇಡುತ್ತಿದ್ದುದನ್ನು ಆರನೇ ತಾರೀಕು ಅವಳು ತೊಳೆಯಲು ಹೊರಟಾಗ ಅಲ್ಲಿಗೆ ಸಾಗಿಸಿದ್ದೆ. ಅಂಗಡಿಗೆ ಬಿಡುವಾಗಲೆಲ್ಲ ಜಾಣತನದಿಂದ ಜೇಬಿಗೆ ಹಾಕಿಕೊಂಡಿದ್ದು ಅದೇ. ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ನನಗೆ ಕೊಟ್ಟು, “ಯಜಮಾನ್ರೇ, ಈ ಪಾರ್ಟು ನನ್ನ ಅಂಗಡೀದಲ್ಲ” ಎಂದ. ಅತ್ತೆ ಅದನ್ನು ಕಿತ್ತುಕೊಂಡು ಬಿಚ್ಚಿ ಎಣಿಸಿದಳು, ಏಳು ಉಳಿದಿದ್ದವು. “ಪಾಪ, ಒಂಬತ್ತು ತಿಂಗಳಿಂದ ಆ ರಕ್ತ ತೆಗೆಯೋನನ್ನ ಬೈತಾ ಇದ್ರಲ್ಲ” ಎಂದಷ್ಟೇ ಹೇಳಿ ಒಳಗೆ ಹೋದಳು. ಅವಳು ಕಡಿಮೆ ಮಾತಾಡಿದಾಗ ನನಗೆ ಹೆದರಿಕೆ ಜಾಸ್ತಿ.

ಗುಬ್ಬೀ, ಗ್ರೀಸಣ್ಣನಿಗೆ ಹೂಂ ಅಂತ ಬರೆ, ಈ ಕಾಗದ ಸಿಕ್ಕ ದಿನವೇ ಬರೆ, ಮೂವತ್ತನ್ನು ಕಾಯಬೇಡ. ನಾಲ್ಕು ಜನರ ಎದುರಿಗೆ ಕಳ್ಳ ಎಂದೆ, ಅದೇ ಅಂಗಡಿಗೆ ಇವತ್ತು ಸಂಜೆ ಹೋಗಿ ಅದೇ ನಾಲ್ಕು ಜನರನ್ನು ಕರೆಸಿ ತಪ್ಪಾಯಿತು ಎನ್ನುತ್ತೇನೆ. ಪಂದ್ಯದ ಹಣ ಬೇಡವೇ ಬೇಡ ಎಂದ, ನನಗೂ ಮಾನ ಇದೆ ಎಂದು ಒತ್ತಾಯದಿಂದ ತುರುಕಿದೆ. ಹಾಗಾದರೆ ಇದು ನಿಮ್ಮ ಸೊಸೆಯ ಪಾಲಿಗೆ ಮುಂಗಡ ಎಂದು ನಿನ್ನ ಹೆಸರಿಗೆ ರಸೀತಿ ಬರೆದುಕೊಟ್ಟ, ಈ ಕಾಗದದ ಜೊತೆಗೇ ಇಟ್ಟಿದ್ದೇನೆ. ಆ ಮನುಷ್ಯನಿಗೆ ಒಂದು ಸೊನ್ನೆ ಕಡಿಮೆ ಬರೆಯಲೂ ಬರುವುದಿಲ್ಲ, ಅದಕ್ಕೇ ನಾನೇ ಮೊದಲು ಹೇಳುವುದು ಒಳ್ಳೆಯದು. ಅತ್ತೆಗೆ ಐನೂರು ಎಂದಿದ್ದೇನೆ, ನೀನೂ ಹಾಗೇ ಹೇಳು. ಹಾಸಿಗೆಯ ಕೆಳಗೆ ಈಗ ಹಾಸಿಗೆಯ ಮಂಚ ಮಾತ್ರ ಇದೆ. ಸೋತದ್ದು ಇಪ್ಪತ್ತಾರು ಸಾವಿರದ ನಾನೂರು.