ಭಾನುವಾರದ ಅಳತೆ

ಅಮ್ಮಾ,

ಫೋನಿನಲ್ಲಿ ಹೇಳಲು ನಾಲಿಗೆ ಹೊರಳಲಿಲ್ಲ, ಅದಕ್ಕೇ ಈ ಕಾಗದ. ನೆಲದಡಿಯ ಹೊಸ ನಿಲ್ದಾಣದ ಶೌಚಾಲಯಗಳ ನೀರನ್ನೆಲ್ಲ ನಮ್ಮ ಬೀದಿಯ ಒಳಚರಂಡಿ ತಡೆದುಕೊಳ್ಳುತ್ತದೆ ಎಂದು ವರದಿ ಬರೆದವಳು ನಾನೇ. ಚರಂಡಿಯ ಹರಿವು ಅಳೆದದ್ದು ಭಾನುವಾರ. ಬೀದಿ ತುದಿಯ ಬಟ್ಟೆ ಒಗೆಯುವ ಕಾರ್ಖಾನೆ ಅವತ್ತೊಂದೇ ದಿನ ನೀರು ಬಿಡುವುದಿಲ್ಲ. ಅಲ್ಲೇ ಹುಟ್ಟಿ ಬೆಳೆದವಳಿಗೆ ಅದು ಹೊಳೆಯಲೇ ಇಲ್ಲ!

ವರದಿ ವಾಪಸು ಕೊಡಿ, ತಿದ್ದುತ್ತೇನೆ ಎಂದು ಸಾಹೇಬರನ್ನು ಮೂರು ಸಲ ಕೇಳಿದೆ. "ಮೊದಲು ಉದ್ಘಾಟನೆ ಮುಗೀಲಿ, ಆಮೇಲೆ ನೋಡೋಣ ಬಿಡಮ್ಮ" ಅಂದರು.

ಉದ್ಘಾಟನೆಗೆ ಇನ್ನು ಹತ್ತೇ ದಿನ. ಚರಂಡಿ ನೀರು ಮನೆಯೊಳಗೆ ಉಕ್ಕದಂತೆ ಅಷ್ಟರೊಳಗೆ ಬಚ್ಚಲ ತೂತಿನ ಮೇಲೆ ಮರಳಿನ ಚೀಲ ಹೇರು, ಮಂಚದ ಕಾಲಿಗೆ ಇಟ್ಟಿಗೆ ಕೊಡು. ಅಕ್ಕಪಕ್ಕದವರು ಯಾಕೆಂದು ಕೇಳಿದರೆ ನನ್ನ ಮಾನ ಕಾಯಲು ಹೋಗಬೇಡ, ಮಗಳ ತಪ್ಪು ಅಂತಲೇ ಹೇಳು. ಅವರೂ ಇಟ್ಟಿಗೆ ತರಬೇಕಲ್ಲ.

ನಿನ್ನ
ಇಂಜಿನಿಯರಮ್ಮ